ಗುಳಿಗೆಯೂ ಗುಂಡಿಗೆಯೂ

ಮದ್ದು ಎಂಬ ಮಾತಿಗೆ ಕನ್ನಡದಲ್ಲಿ ಔಷಧವೆಂಬ ಅರ್ಥವೂ ಉಂಟು. ‘ಮದ್ದು ಹಾಕಿದರು’ ಎಂದಾಗ ವಿಷವೆಂಬ ಅರ್ಥವೂ ಉಂಟು. ರೋಗಿಗೆ ಕೊಡುವ ಮದ್ದಿನಲ್ಲಿ ತುಸು ಕೇಡಿದ್ದರೂ, ರೋಗದ ಕೇಡು ಅದಕ್ಕಿಂತ ದೊಡ್ಡದೆಂದು ಸಹಿಸುತ್ತೇವೆ. ಆದರೆ ಯಾವ ರೋಗವೂ ಇಲ್ಲದ ಸ್ತ್ರೀಯರು ವರ್ಷಗಟ್ಟಲೆ ದಿನವೂ ನುಂಗುವ ಮದ್ದಿನಲ್ಲಿ ಎಷ್ಟು ಕೇಡನ್ನು ಸಹಿಸಬಹುದು? ಗರ್ಭನಿರೋಧಕ ಗುಳಿಗೆಯ ಚರಿತ್ರೆಯೆಂದರೆ ಬಹುಮಟ್ಟಿಗೆ ಈ ಪ್ರಶ್ನೆಯ ಚರಿತ್ರೆಯೇ.

ಮೆಕ್ಸಿಕೋ ದೇಶದ ಕಾಡುಗೆಣಸಿನಿಂದ ಹಾರ್ಮೋನು ತಯಾರಿಸುವ ದಾರಿಯನ್ನು ರಸಾಯನಜ್ಞ ರಸೆಲ್ ಮಾರ್ಕರ್ ೧೯೪೦ರ ದಶಕದಲ್ಲಿ ತೋರಿಸಿಕೊಟ್ಟರು. ದುರ್ಲಭವಾಗಿದ್ದ ವಸ್ತು ಸುಲಭವಾಯಿತು. ಅಮೆರಿಕದ ಗ್ರೆಗೊರಿ ಪಿಂಕಸ್ ಮತ್ತು ಜಾನ್ ರಾಕ್ ೧೯೫೬ರಲ್ಲಿ ಪೋರ್ಟೊರಿಕೊ ದ್ವೀಪದ ಬಡ ಹೆಂಗಸರಲ್ಲಿ ಎನೋವಿಡ್ ಎಂಬ ಗುಳಿಗೆಯ ದೊಡ್ಡ ಪ್ರಯೋಗವನ್ನು ಆರಂಭಿಸಿದರು. ಅಲ್ಲಿನ ಮೇಲ್ವಿಚಾರಣೆ ನೋಡುತ್ತಿದ್ದ ವೈದ್ಯೆ ಎಡ್ರಿಸ್ ರೈಸ್-ರೇ, ಗುಳಿಗೆ ಗರ್ಭವನ್ನು ತಡೆಯುವುದು ನಿಜವೆಂದೂ, ಆದರೆ ನೂರಕ್ಕೆ ೧೭ ಮಂದಿಗೆ ತಲೆಸುತ್ತು, ವಾಕರಿಕೆ, ತಲೆನೋವು ಮುಂತಾದ ತೊಂದರೆಗಳಾಗುವುದರಿಂದ ಎಲ್ಲರಿಗೂ ಕೊಡಲು ತಕ್ಕುದಲ್ಲವೆಂದೂ ವರದಿಮಾಡಿದರು. ಪಿಂಕಸ್ ಆ ದೂರುಗಳಲ್ಲಿ ಹೆಚ್ಚಿನವು ಮನಸ್ಸಿನ ಕಲ್ಪನೆಯೆಂದೇ ಬಗೆದರು. ೧೯೬೦ರಲ್ಲಿ ಅಮೆರಿಕದ ಸರ್ಕಾರ ಗುಳಿಗೆಗೆ ಒಪ್ಪಿಗೆ ಕೊಟ್ಟಿತು.

ಮರುವರ್ಷವೇ ಬ್ರಿಟನ್ನಿನ ಜೋರ್ಡನ್ ಎಂಬ ವೈದ್ಯರು ‘ಲ್ಯಾನ್ಸೆಟ್’ ಪತ್ರಿಕೆಗೆ ಒಂದು ಕಾಗದ ಬರೆದರು. ಗರ್ಭಕೋಶಕ್ಕೆ ಸಂಬಂಧಿಸಿದ ಬೇನೆಗಾಗಿ ಈ ಗುಳಿಗೆಯನ್ನು ತೆಗೆದುಕೊಂಡಿದ್ದ ದಾದಿಯೊಬ್ಬಳ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಒಂದು ಕಾಗದದಿಂದ ಏನೂ ಸಿದ್ಧವಾಗುವುದಿಲ್ಲ. ಆದರೆ ಸಂಶಯಕ್ಕೆ ಬಾಯಿ ಬಂದಿತು. ೧೯೬೮ರಲ್ಲಿ ಇನ್‌ಮನ್, ವೆಸ್ಸಿ ಮತ್ತು ಡಾಲ್ ಪ್ರಕಟಿಸಿದ ಅಧ್ಯಯನಗಳು ಆ ಸಂಶಯವನ್ನು ನಿಜಮಾಡಿದವು. ದೋಷ ಮುಖ್ಯವಾಗಿ ಈಸ್ಟ್ರೋಜನ್ ಎಂಬ ಹಾರ್ಮೋನಿನ ಅತಿ ಪ್ರಮಾಣದಲ್ಲಿತ್ತು. ಮೊದಲ ಗುಳಿಗೆಯಲ್ಲಿ ಅದು ೧೫೦ ಮೈಕ್ರೋಗ್ರಾಂ ಇತ್ತು; ೫೦ಕ್ಕಿಂತ ಹೆಚ್ಚು ಬೇಡವೆಂದು ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ೧೯೬೯ರ ಕೊನೆಯಲ್ಲಿ ಸಲಹೆಯಿತ್ತಿತು.

ಈ ನಡುವೆ ಕೊಲೆಸ್ಟರಾಲಿನ ಭಯವೂ ಸೇರಿಕೊಂಡಿತು. ಗುಳಿಗೆ ನುಂಗುವವರ ರಕ್ತದಲ್ಲಿ ಕೊಬ್ಬಿನ ಅಂಶಗಳು ಏರುಪೇರಾಗುವುದನ್ನು ಲಂಡನ್ನಿನ ವಿಕ್ಟರ್ ವಿನ್ ಮತ್ತು ಸಂಗಡಿಗರು ೧೯೬೬ರಲ್ಲಿ ತಿಳಿಸಿದರು. ಗುಳಿಗೆಯೊಳಗಿನ ಎರಡು ಹಾರ್ಮೋನುಗಳು ಎರಡು ಕಡೆಗೆ ಎಳೆಯುತ್ತವೆ. ಈಸ್ಟ್ರೋಜನ್ ಹಿತಕರವಾದ ಎಚ್‌ಡಿಎಲ್ ಕೊಲೆಸ್ಟರಾಲನ್ನು ಏರಿಸಿದರೆ, ಕೆಲವು ಬಗೆಯ ಪ್ರೊಜೆಸ್ಟಿನ್ನುಗಳು ಅದನ್ನು ತಗ್ಗಿಸುತ್ತವೆ. ಆದರೆ ಗುಳಿಗೆ ತೆಗೆದುಕೊಳ್ಳುತ್ತಿದ್ದ ತರುಣಿಯರ ಹೃದಯಾಘಾತಕ್ಕೆ ರಕ್ತನಾಳದಲ್ಲಿ ಕೊಬ್ಬು ಕಟ್ಟುವುದಕ್ಕಿಂತ ರಕ್ತ ಹೆಪ್ಪುಗಟ್ಟುವುದೇ ಹೆಚ್ಚಿನ ಕಾರಣವೆಂದು ಕ್ರಮೇಣ ತಿಳಿಯಿತು. ಧೂಮಪಾನ, ರಕ್ತದೊತ್ತಡಗಳು ಕೂಡಿದರೆ ಅಪಾಯ ಹಲವು ಮಡಿಯಾಗುತ್ತದೆ. ವಿಟಮಿನ್ನು ಸೇವಿಸಿದರೆ ಹೃದಯಕ್ಕೆ ರಕ್ಷಣೆಯೆಂಬ ನಂಬಿಕೆಯೂ ಉಳಿಯಲಿಲ್ಲ. ಅಮೆರಿಕದಲ್ಲಿ ಸುಮಾರು ೪೦,೦೦೦ ಸ್ತ್ರೀಯರಲ್ಲಿ ಹತ್ತು ವರ್ಷ ವಿಟಮಿನ್ ‘ಇ’ಯನ್ನು ಪರೀಕ್ಷಿಸಿ ೨೦೦೫ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಹೃದಯಾಘಾತ ಅದರಿಂದ ಕಡಮೆಯಾಗಲಿಲ್ಲ.

ವಿದ್ವಾಂಸರು ಇಷ್ಟೆಲ್ಲ ಅರಿತರೂ ಗುಳಿಗೆ ನುಂಗುವವಳಿಗೆ ಹೇಳಿದವರು ಯಾರು? ೧೯೬೯ರಲ್ಲಿ ಬಾರ್ಬರಾ ಸೀಮನ್ ಈ ಅಪಾಯಗಳನ್ನು ಕುರಿತು ಪುಸ್ತಕ ಬರೆದರು. ಅದರಿಂದ ೧೯೭೦ರಲ್ಲಿ ಅಮೆರಿಕದ ಸೆನೆಟ್ಟಿನಲ್ಲಿ ಗೇಲಾರ್ಡ್ ನೆಲ್ಸನ್ನರ ವಿಚಾರಣೆ ನಡೆಯಿತು. ಗುಳಿಗೆ ನುಂಗಿ ನೊಂದ ಒಬ್ಬಳನ್ನೂ ಸಾಕ್ಷಿಗೆ ಕರೆದಿರಲಿಲ್ಲ. ಆಲಿಸ್ ವುಲ್ಫ್‌ಸನ್ ಮತ್ತು ಗೆಳತಿಯರು ಸಭೆಯ ನಡುವೆಯೇ ಎದ್ದು ನಿಂತು ಪ್ರಶ್ನಿಸಿದರು. ಅಪಾಯವನ್ನು ತಿಳಿಸುವ ಚೀಟಿಯನ್ನು ಗುಳಿಗೆಯ ಜೊತೆಗೇ ಕೊಡಬೇಕೆಂಬ ಆಜ್ಞೆ ಅದೇ ವರ್ಷ ಹೊರಟಿತು. ಗುಂಡಿಗೆಗೆ ಕನ್ನಡದಲ್ಲಿ ಧೈರ್ಯವೆಂಬ ಅರ್ಥವೂ ಇರುವುದು ವ್ಯರ್ಥವಲ್ಲ.

ನಮ್ಮ ಸರ್ಕಾರ ಉಚಿತವಾಗಿ ಹಂಚುವ ಮಾಲಾ-ಎನ್ ಗುಳಿಗೆಯಲ್ಲಿ ಈಗ ಈಸ್ಟ್ರೋಜನ್ ೩೦ ಮೈಕ್ರೋಗ್ರಾಂ ಮಾತ್ರ. ಆರೋಗ್ಯವಂತೆಯಾದ ತರುಣಿಗೆ ಅಪಾಯ ಅಲ್ಪ. ಆದರೆ ೩೫ ದಾಟಿ ಧೂಮಪಾನ ಮಾಡುವವರಿಗೂ, ರಕ್ತದೊತ್ತಡವುಳ್ಳವರಿಗೂ, ಹಿಂದೆ ರಕ್ತ ಹೆಪ್ಪುಗಟ್ಟಿದವರಿಗೂ ಈ ಬಗೆಯ ಗುಳಿಗೆ ತಕ್ಕುದಲ್ಲ. ಈ ಮಾತು ಆಕೆಗೆ ತಿಳಿಯುವ ಭಾಷೆಯಲ್ಲಿ, ಗುಳಿಗೆಯನ್ನು ಕೈಗೆ ಕೊಡುವ ಮೊದಲೇ ಆಕೆಯ ಕಿವಿಗೆ ಬೀಳಬೇಕು. ಹಾಗೆ ಬೀಳದಿದ್ದರೆ, ಅಂದು ಸಭೆಯಲ್ಲಿ ಎದ್ದು ನಿಂತವರು ಗಳಿಸಿಕೊಟ್ಟ ಚೀಟಿ ಬರಿಯ ಕಾಗದವಾಗಿಯೇ ಉಳಿಯುತ್ತದೆ.