ಹಳೆಯ ವಿದ್ಯುತ್ ಕಾರು ಖರೀದಿ: ಬ್ಯಾಟರಿಯ ಆರೋಗ್ಯ ತಿಳಿಯುವುದು ಹೇಗೆ?

ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ಕೊಳ್ಳುವವರು ಮೊದಲು ವಿಚಾರಿಸುವುದು ಅದು ಎಷ್ಟು ಕಿಲೋಮೀಟರ್ ಓಡಿದೆ ಎಂಬುದನ್ನು. ವಿದ್ಯುತ್ ಕಾರಿಗೆ ಈ ಲೆಕ್ಕವೊಂದೇ ಸಾಲದು. ಅದರ ಭಾಗಗಳಲ್ಲಿ ಅತ್ಯಂತ ದುಬಾರಿಯಾದ ಬ್ಯಾಟರಿಯು ಓಡಿದಾಗಲೂ ಸವೆಯುತ್ತದೆ, ಸುಮ್ಮನೆ ನಿಂತಾಗಲೂ ಸವೆಯುತ್ತದೆ. ಅದರ ಸ್ಥಿತಿ ಅರಿಯದೆ ಮುಂಗಡ ಕೊಟ್ಟವರು ಮುಂದೆ ಲಕ್ಷಾಂತರ ರೂಪಾಯಿ ತೆರಬೇಕಾದೀತು.

2001ರಲ್ಲಿ ಮಾರುಕಟ್ಟೆಗೆ ಬಂದ ಬೆಂಗಳೂರಿನ ರೇವಾ ಕಾರಿನಲ್ಲಿ ಸೀಸ-ಆಮ್ಲ ಬ್ಯಾಟರಿಗಳಿದ್ದವು. ಕೆಲವು ವರ್ಷಗಳಿಗೊಮ್ಮೆ ಅವುಗಳನ್ನು ಬದಲಿಸಬೇಕಾಗುತ್ತಿತ್ತು. ಇಂದಿನ ಲಿಥಿಯಂ-ಅಯಾನ್ ಬ್ಯಾಟರಿಗಳು ಹೆಚ್ಚು ಕಾಲ ಬಾಳುತ್ತವೆ. ಆದರೂ ಒಂದೇ ವರ್ಷ ತಯಾರಾದ ಎರಡು ಕಾರುಗಳ ಬ್ಯಾಟರಿ ಒಂದೇ ಸ್ಥಿತಿಯಲ್ಲಿರುತ್ತದೆ ಎನ್ನುವಂತಿಲ್ಲ.

ಶೇ 100 ಎಂದರೆ ಆರೋಗ್ಯವಲ್ಲ

ಹೊಸದಾಗಿದ್ದಾಗ ಹಿಡಿಯುತ್ತಿದ್ದ ವಿದ್ಯುತ್ತಿನಲ್ಲಿ ಈಗ ಎಷ್ಟು ಪಾಲು ಹಿಡಿಯುತ್ತದೆ ಎಂಬುದೇ ಬ್ಯಾಟರಿಯ ಆರೋಗ್ಯ. ತಂತ್ರಜ್ಞರು ಇದನ್ನು ‘ಸ್ಟೇಟ್ ಆಫ್ ಹೆಲ್ತ್’ ಎನ್ನುತ್ತಾರೆ. ಸವೆದ ಬ್ಯಾಟರಿಯೂ ಪೂರ್ತಿ ಚಾರ್ಜ್ ಆದಾಗ ಶೇ 100 ಎಂದೇ ತೋರಿಸುತ್ತದೆ. ಇನ್ನೆಷ್ಟು ದೂರ ಓಡಬಹುದು ಎಂದು ಡ್ಯಾಷ್‌ಬೋರ್ಡ್ ತೋರಿಸುವ ಸಂಖ್ಯೆಯೂ ಅಂದಾಜು ಮಾತ್ರ. ಹಿಂದಿನ ದಿನಗಳಲ್ಲಿ ಕಾರನ್ನು ನಿಧಾನವಾಗಿ ಓಡಿಸಿದ್ದರೆ ಈ ಸಂಖ್ಯೆ ಏರುತ್ತದೆ.

ಯೂನಿಟ್ ಲೆಕ್ಕ

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಉದಾಹರಣೆಗೆ, 2020ರಲ್ಲಿ ಬಿಡುಗಡೆಯಾದ ಟಾಟಾ ನೆಕ್ಸಾನ್ ವಿದ್ಯುತ್ ಕಾರಿನ ಬ್ಯಾಟರಿ ಸಾಮರ್ಥ್ಯ 30.2 ಯೂನಿಟ್. ಶೇ 20ರಿಂದ ಶೇ 80ರವರೆಗೆ ತುಂಬಲು ಸುಮಾರು 18 ಯೂನಿಟ್ ಬೇಕು. ಚಾರ್ಜಿಂಗ್ ವೇಳೆ ನಷ್ಟವಾಗುವ ಶೇ 10ರಷ್ಟನ್ನು ಸೇರಿಸಿದರೆ ಮೀಟರಿನಲ್ಲಿ 20 ಯೂನಿಟ್ ಏರಬೇಕು. 16 ಯೂನಿಟ್‌ಗೇ ಶೇ 80 ತಲುಪಿದರೆ ಸಾಮರ್ಥ್ಯದ ಐದನೇ ಒಂದು ಪಾಲು ಕುಸಿದಿರುವ ಸಾಧ್ಯತೆಯಿದೆ. 15 ಆಂಪಿಯರ್ ಸಾಕೆಟ್‌ನಲ್ಲಿ ಇದಕ್ಕೆ ಆರೇಳು ಗಂಟೆ ಬೇಕು. ಆ ವೇಳೆ ಮನೆಯ ಉಳಿದ ಉಪಕರಣಗಳನ್ನು ಬಂದ್ ಮಾಡಿರಬೇಕು.

ಇದು ಸ್ಥೂಲ ಲೆಕ್ಕ. ಅನುಮಾನ ಬಂದರೆ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಸ್ಕ್ಯಾನರ್ ಜೋಡಿಸಿ ಲಿಖಿತ ವರದಿ ಪಡೆಯುವುದು ಲೇಸು. ಸೆಲ್‌ಗಳ ವೋಲ್ಟೇಜ್ ನಡುವಿನ ವ್ಯತ್ಯಾಸವನ್ನೂ ಕೇಳಿರಿ. ಒಂದೆರಡು ಸೆಲ್ ದುರ್ಬಲವಾದರೂ ಇಡೀ ಬ್ಯಾಟರಿಯ ಬಳಕೆಗೆ ಮಿತಿ ಬೀಳುತ್ತದೆ.

ಕಾರಿನ ಪೂರ್ವಾಪರ

ಬಿಸಿಲು ಬ್ಯಾಟರಿಯ ಶತ್ರು. ಅಮೆರಿಕದ ಅರಿಜೋನಾದಲ್ಲಿ 2012ರಲ್ಲಿ, ದ್ರವದಿಂದ ತಂಪಾಗಿಸುವ ವ್ಯವಸ್ಥೆ ಇಲ್ಲದ ನಿಸಾನ್ ಲೀಫ್ ಕಾರುಗಳ ಬ್ಯಾಟರಿ ಸಾಮರ್ಥ್ಯ ಬೇಗನೆ ಕುಸಿದ ದೂರುಗಳು ಬಂದಿದ್ದವು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರ್ಗಿ, ರಾಯಚೂರಿನಲ್ಲಿ ಓಡಿದ ಕಾರಾದರೆ ಅದು ನೆರಳಿನಲ್ಲಿ ನಿಲ್ಲುತ್ತಿತ್ತೇ ಎಂದು ವಿಚಾರಿಸುವುದು ಒಳಿತು. ಸದಾ ಫಾಸ್ಟ್ ಚಾರ್ಜಿಂಗ್ ಮಾಡಿದ್ದರೆ, ಪೂರ್ತಿ ಚಾರ್ಜ್ ಮಾಡಿ ದಿನಗಟ್ಟಲೆ ಬಿಸಿಲಲ್ಲಿ ನಿಲ್ಲಿಸಿದ್ದರೆ ಸವೆತ ಹೆಚ್ಚು.

ಬ್ಯಾಟರಿ ಇರುವುದು ಕಾರಿನ ತಳದಲ್ಲಿ. ಆದ್ದರಿಂದ ಕಾರನ್ನು ಮೇಲೆತ್ತಿಸಿ, ರಸ್ತೆ ಉಬ್ಬು ತಗುಲಿ ತಳ ತಗ್ಗಿದೆಯೇ, ತುಕ್ಕು ಹಿಡಿದಿದೆಯೇ ಎಂದು ನೋಡಬೇಕು. ಬೆಂಗಳೂರಿನ 2022ರ ಪ್ರವಾಹದಂತಹ ಸಂದರ್ಭದಲ್ಲಿ ಕಾರು ನೀರಿನಲ್ಲಿ ಮುಳುಗಿತ್ತೇ ಎಂಬುದನ್ನು ಸರ್ವಿಸ್ ಹಾಗೂ ವಿಮಾ ದಾಖಲೆಗಳಿಂದ ಖಚಿತಪಡಿಸಿಕೊಳ್ಳಬೇಕು.

ವಾರಂಟಿ ಯಾರ ಹೆಸರಿಗೆ?

ಹಲವು ಕಂಪನಿಗಳು ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅಲ್ಲಿಯವರೆಗೆ ವಾರಂಟಿ ನೀಡುತ್ತವೆ. ಅವಧಿ ಆರಂಭವಾಗುವುದು ಮೊದಲ ಖರೀದಿಯಿಂದ. ಐದು ವರ್ಷದ ಕಾರಿಗೆ ಉಳಿಯುವುದು ಮೂರೇ ವರ್ಷ. ವಾರಂಟಿ ಎರಡನೇ ಮಾಲೀಕರಿಗೆ ವರ್ಗವಾಗುತ್ತದೆಯೇ, ಸಾಮರ್ಥ್ಯ ಎಷ್ಟು ಕುಸಿದರೆ ಅದು ಅನ್ವಯಿಸುತ್ತದೆ ಎಂಬುದನ್ನು ಕಂಪನಿಯಿಂದಲೇ ಲಿಖಿತವಾಗಿ ಪಡೆಯುವುದು ಕ್ಷೇಮ.

ಸಾಮರ್ಥ್ಯ ಕುಸಿದ ಕಾರೆಲ್ಲ ನಿರುಪಯುಕ್ತವಲ್ಲ. ನಿತ್ಯ 40 ಕಿಲೋಮೀಟರ್ ಓಡಾಡುವವರಿಗೆ ಶೇ 80ರಷ್ಟು ಆರೋಗ್ಯವಿರುವ ಬ್ಯಾಟರಿ ಧಾರಾಳವಾಗಿ ಸಾಕು. ಆದರೆ ಆ ಕುಸಿತ ಬೆಲೆಯಲ್ಲಿಯೂ ಕಾಣಬೇಕು. ಪರೀಕ್ಷೆಗೆ ಒಪ್ಪದ ಮಾರಾಟಗಾರರಿಂದ ಕಾರು ಕೊಳ್ಳದಿರುವುದೇ ಮೇಲು.