ರೋಮಿನ ರಸ್ತೆಗಳಿಗೆ ವೋಚರ್ ಎಲ್ಲಿದೆ?

ಮೂವತ್ತು ವರ್ಷ ಬ್ಯಾಂಕಿನಲ್ಲಿ ತಾಳೆ ನೋಡಿದವನಿಗೆ ಯಾವ ದೊಡ್ಡ ಮೊತ್ತ ಕಂಡರೂ ಮೊದಲು ಬರುವ ಪ್ರಶ್ನೆ ಒಂದೇ, ವೋಚರ್ ಎಲ್ಲಿದೆ? ಇಟಿನರ್-ಇ ಎಂಬ ನಕ್ಷೆಯನ್ನು ನೋಡುತ್ತಾ ಕೂತಾಗಲೂ ಅದೇ ಆಯಿತು.

2025ರ ನವೆಂಬರಿನಲ್ಲಿ ಬಂದ ಈ ಡಿಜಿಟಲ್ ನಕ್ಷೆ ಕ್ರಿ.ಶ. 150ರ ಸುಮಾರಿನ ರೋಮನ್ ಸಾಮ್ರಾಜ್ಯದ ರಸ್ತೆಗಳದ್ದು. ಟಾಮ್ ಬ್ರುಗ್ಮನ್ಸ್, ಪೌ ದೆ ಸೋತೊ ಮತ್ತು ಸಂಗಡಿಗರು ಮಾಡಿದ್ದು. ಒಟ್ಟು ಉದ್ದ 2,99,171 ಕಿ.ಮೀ.! ಇದಕ್ಕೆ ಮೊದಲಿನ ಡಿಜಿಟಲ್ ಲೆಕ್ಕದಲ್ಲಿ ಇದ್ದದ್ದು ಸುಮಾರು 1,88,500.

ಉಳಿದದ್ದು ಎಲ್ಲಿಂದ ಬಂತು? ಕೆಲವು ಪ್ರಾಂತ್ಯಗಳಲ್ಲಿ ಮೊದಲು ಬಿಟ್ಟುಹೋಗಿದ್ದ ರಸ್ತೆಗಳು ಸೇರಿದವು. ಇನ್ನೊಂದು ಕಾರಣ ನನಗೆ ಬಹಳ ಹಿಡಿಸಿತು. ಹಳೆಯ ನಕ್ಷೆಗಳಲ್ಲಿ ಎರಡು ಊರುಗಳ ನಡುವೆ ಗುಡ್ಡವಿದ್ದರೂ ಸ್ಕೇಲು ಇಟ್ಟು ಗೆರೆ ಎಳೆದಂತಿರುತ್ತಿತ್ತು. ಗಾಡಿಯ ಎತ್ತಿಗೆ ಸ್ಕೇಲು ಗೊತ್ತೇ? ಅದು ಕಣಿವೆ ಹಿಡಿದು ಸುತ್ತಿಕೊಂಡೇ ಹೋಗಬೇಕು. ಇವರು ಮೈಲಿಗಲ್ಲು, ಉತ್ಖನನದ ವರದಿ, ಊರು-ದೂರ ಬರೆದಿಟ್ಟ ಆಂಟೊನೈನ್ ಪಟ್ಟಿ, ಹಳೆಯ ಟೋಪೋ ನಕ್ಷೆಗಳನ್ನೆಲ್ಲ ಉಪಗ್ರಹ ಚಿತ್ರದ ಪಕ್ಕಕ್ಕಿಟ್ಟು ನೆಲ ಒಪ್ಪುವಂತೆ ಗೆರೆ ತಿದ್ದಿದ್ದಾರೆ.

ಇದಕ್ಕೆ ಅಮೆರಿಕದ ಕೊರೋನಾ ಗೂಢಚಾರ ಉಪಗ್ರಹಗಳ ಚಿತ್ರಗಳೂ ಒದಗಿವೆ. (ರೋಗವಲ್ಲ ಮಾರಾಯ್ರೆ, 1960ರಿಂದ 1972ರವರೆಗೆ ಹಾರಿದವು ಇವು!) 1995ರವರೆಗೆ ಅವು ಗುಟ್ಟಾಗಿದ್ದವು. ಆಮೇಲೆ ಅಣೆಕಟ್ಟಿನ ಹಿನ್ನೀರು ನುಂಗಿದ ಕಣಿವೆಗಳು ಆ ಚಿತ್ರಗಳಲ್ಲಿ ಇನ್ನೂ ಒಣಗಿವೆ. ನಮ್ಮ ಹಳೇ ಬಾಗಲಕೋಟೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾನು ಹತ್ತಿದ ಮೊದಲ ಬಸ್ಸಿನ ದಾರಿಯೂ ನೀರಿನಡಿಯೇ ಇದೆ.

ಈಗ ವೋಚರ್ ವಿಷಯ. ಖಚಿತವಾಗಿ ಇಲ್ಲೇ ಇತ್ತು ಎನ್ನಬಹುದಾದ ರಸ್ತೆ ಶೇ. 2.7 ಮಾತ್ರ, ಅಂದರೆ ಸುಮಾರು 8,000 ಕಿ.ಮೀ. ಹೆಚ್ಚುಕಡಿಮೆ ಶೇ. 90ರಷ್ಟು ರಸ್ತೆಗಳು ಇದ್ದದ್ದು ನಿಜ, ಆದರೆ ಗೆರೆ ನಿಖರವಲ್ಲ. ಉಳಿದ ಶೇ. 7.4 ಬರೀ ಊಹೆ, ನಮ್ಮ ಸಸ್ಪೆನ್ಸ್ ಅಕೌಂಟ್ ಇದ್ದ ಹಾಗೆ. ಯಾವ ರಸ್ತೆ ಯಾವ ಶತಮಾನದಲ್ಲಿ ಬೆಳೆಯಿತು ಎಂಬುದೂ ಇದರಿಂದ ತಿಳಿಯದು. ಆದರೆ ಇದನ್ನೆಲ್ಲ ಯಾರೋ ಆಡಿಟರು ಬಂದು ಹಿಡಿದದ್ದಲ್ಲ, ಅವರೇ ಪ್ರತಿ ತುಂಡಿನ ಮುಂದೆ ನಮೂದಿಸಿದ್ದಾರೆ. ಮೂರು ಲಕ್ಷ ಕಿ.ಮೀ.ಗಿಂತ ನನಗೆ ಈ ನಮೂದೇ ದೊಡ್ಡದಾಗಿ ಕಂಡಿತು.

ಅಂದ ಹಾಗೆ, ವಿಯೆನ್ನಾದಲ್ಲಿರುವ ಪ್ಯೂಟಿಂಗರ್ ಸುರುಳಿ ನಕ್ಷೆಯಲ್ಲಿ ಕೇರಳ ಕರಾವಳಿಯ ಮುಜಿರಿಸ್ ಬಂದರು, ಪಕ್ಕದಲ್ಲೇ ಅಗಸ್ಟಸ್‌ನ ಗುಡಿಯೂ ಇದೆ. ಈ ಹೊಸ ನಕ್ಷೆ ಸಾಮ್ರಾಜ್ಯದ ಗಡಿಗೇ ನಿಲ್ಲುತ್ತದೆ, ನಮ್ಮ ಕಡೆಗೆ ಬರುವುದಿಲ್ಲ.