ಮನೆಯ ಪಾಲು: ಧಾರವಾಡ ಸೀಮೆಯ ಪಗಡೆಯಿಂದ ಆನ್‌ಲೈನ್ ಕ್ಯಾಸಿನೊದವರೆಗೆ

ಪ್ರವೇಶ

ಒಂದು ಎಲೆಯನ್ನು ಬಿಚ್ಚಿ ನಡುವೆ ಇಡುತ್ತಾರೆ. ಉಳಿದ ಎಲೆಗಳನ್ನು ಒಂದು ಈ ಕಡೆ, ಒಂದು ಆ ಕಡೆ ಹಾಕುತ್ತ ಹೋಗುತ್ತಾರೆ. ನಡುವಿನ ಎಲೆಯ ಜೋಡಿ ಯಾವ ಕಡೆ ಬಿದ್ದಿತೋ ಆ ಕಡೆಗೆ ಹಣ ಹಚ್ಚಿದವರು ಗೆದ್ದರು. ಇದು ಅಂದರ್-ಬಾಹರ್. ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯ ಜೂಜಿನ ಪ್ರಕರಣಗಳಲ್ಲಿ ಮತ್ತೆ ಮತ್ತೆ ಬರುವ ಹೆಸರು. ಊರ ಹೊರಗಿನ ಗಿಡದ ಬುಡ, ಗುಡಿಯ ಹಿಂದಿನ ಬಯಲು, ಹಳ್ಳದ ದಂಡೆ ಇದರ ತಾಣಗಳು. ಅದೇ ಆಟ ಈಗ ಆನ್‌ಲೈನ್ ಕ್ಯಾಸಿನೊಗಳಲ್ಲಿ ರೂಲೆಟ್, ಬ್ಲ್ಯಾಕ್‌ಜಾಕ್, ಬ್ಯಾಕರಾಗಳ ಸಾಲಿನಲ್ಲಿ ಸೇರಿಕೊಂಡಿದೆ. ಗೋಣಿತಟ್ಟಿನ ಮೇಲೆ ಬೀಳುತ್ತಿದ್ದ ಎಲೆ ಮೊಬೈಲಿನ ಗಾಜಿನ ಮೇಲೆ ಬೀಳುತ್ತಿದೆ.

ಆಟ ಅದೇ ಇರುವಾಗ ಬದಲಾದದ್ದೇನು? ಜೂಜಿನ ಚರಿತ್ರೆಯನ್ನು ಸಾಮಾನ್ಯವಾಗಿ ಆಟಗಳ ಹೆಸರು ಹಿಡಿದು ಬರೆಯುತ್ತಾರೆ, ಇಲ್ಲವೇ ಸೋತವರ ದುರಂತ ಹಿಡಿದು ಬರೆಯುತ್ತಾರೆ. ಇಲ್ಲಿ ಮೂರನೆಯ ದಾರಿಯೊಂದನ್ನು ಹಿಡಿಯಲಾಗಿದೆ: ಆಟ ಆಡಿಸುವವನು ಯಾರು, ಅವನ ಪಾಲೆಷ್ಟು, ಆ ಪಾಲು ಆಡುವವನ ಕಣ್ಣಿಗೆ ಕಾಣುತ್ತದೆಯೇ? ಪಗಡೆಯ ಹಾಸಿನಲ್ಲಿ ‘ಮನೆ’ ಎಂದರೆ ಕಾಯಿ ಕೂರುವ ಚೌಕ. ಅದು ಆಡುವವನ ನೆಲೆ. ಕ್ಯಾಸಿನೊದ ಪರಿಭಾಷೆಯಲ್ಲಿ ‘ಮನೆ’ ಎಂದರೆ ಆಡಿಸುವವನು. ಈ ಎರಡು ಅರ್ಥಗಳ ನಡುವಿನ ದೂರವನ್ನು ಧಾರವಾಡ ಸೀಮೆಯ ಸಾಕ್ಷ್ಯಗಳಿಂದ ಅಳೆಯುವುದು ಈ ಲೇಖನದ ಉದ್ದೇಶ.

ಮೂವರು ಕವಿಗಳು, ಮೂರು ಪಗಡೆ ಪ್ರಸಂಗಗಳು

ಈ ನೆಲಕ್ಕೆ ನಂಟುಳ್ಳ ಮೂವರು ಕವಿಗಳು ಜೂಜಿನ ಕಥೆಯನ್ನು ಕನ್ನಡದಲ್ಲಿ ಹೇಳಿದ್ದಾರೆ. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ ಬರೆದ ಪಂಪನಿಗೆ ತಾಯಿ ಅಬ್ಬಣಬ್ಬೆಯ ಕಡೆಯಿಂದ ಅಣ್ಣಿಗೇರಿಯ ನಂಟು. ತಮ್ಮ ಜಿನವಲ್ಲಭನ ಗಂಗಾಧರಂ ಶಾಸನ ಇದಕ್ಕೆ ಆಧಾರ. ಗದುಗಿನ ಭಾರತದ ಕುಮಾರವ್ಯಾಸ ಹುಬ್ಬಳ್ಳಿ ತಾಲ್ಲೂಕಿನ ಕೋಳಿವಾಡದವನೆಂಬುದು ಪರಂಪರೆಯ ಮಾತು. ‘ನಳಚರಿತ್ರೆ’ಯ ಕನಕದಾಸರ ಬಾಡ ಈಗ ಹಾವೇರಿ ಜಿಲ್ಲೆಯಲ್ಲಿದ್ದರೂ 1997ರವರೆಗೆ ಧಾರವಾಡ ಜಿಲ್ಲೆಯದೇ ಊರು.

ಭಾರತದ ದ್ಯೂತ ಪ್ರಸಂಗದಲ್ಲಿ ಜೂಜಿನ ಚರಿತ್ರೆಕಾರ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಪಣ ಒಡ್ಡುವವನು ದುರ್ಯೋಧನ, ದಾಳ ಉರುಳಿಸುವವನು ಶಕುನಿ. ಒಬ್ಬನ ಹಣಕ್ಕೆ ಇನ್ನೊಬ್ಬ ಆಡುವುದು ಸರಿಯೇ ಎಂಬ ಆಕ್ಷೇಪ ವ್ಯಾಸಭಾರತದಲ್ಲೇ ಧರ್ಮರಾಯನ ಬಾಯಿಂದ ಬರುತ್ತದೆ. ಆದರೂ ಆಟಕ್ಕೆ ಕೂರುತ್ತಾನೆ. ಬಂಡವಾಳ ಹಾಕುವವನು ಬೇರೆ, ಎಲೆ ಹಂಚುವವನು ಬೇರೆ ಎಂಬ ಇಂದಿನ ಕ್ಯಾಸಿನೊ ಪದ್ಧತಿಯ ಮೊದಲ ಚಿತ್ರ ಹಸ್ತಿನಾವತಿಯ ಸಭೆಯಲ್ಲೇ ಸಿಗುತ್ತದೆ.

ನಳನ ಕಥೆ ಇದಕ್ಕೆ ಪೂರಕ. ಪುಷ್ಕರನಿಗೆ ರಾಜ್ಯ ಸೋತ ನಳ, ಮುಂದೆ ಋತುಪರ್ಣನ ಸಾರಥಿಯಾಗಿದ್ದಾಗ ತಾರೆಮರವೊಂದರ ಎಲೆ, ಕಾಯಿಗಳ ಲೆಕ್ಕವನ್ನು ಆ ಅರಸ ನೋಟದಲ್ಲೇ ಹೇಳಿದ್ದನ್ನು ಕಂಡು ಬೆರಗಾಗುತ್ತಾನೆ. ತನ್ನ ಅಶ್ವವಿದ್ಯೆ ಕೊಟ್ಟು ‘ಅಕ್ಷಹೃದಯ’ವನ್ನು ಪಡೆಯುತ್ತಾನೆ. ವೇದಕಾಲದ ಜೂಜಿನಲ್ಲಿ ತಾರೆಕಾಯಿಯೇ ದಾಳವಾಗಿತ್ತು ಎಂಬುದನ್ನು ನೆನೆದರೆ ಈ ಮರ ಯಾಕೆ ಬಂತೆಂಬುದು ತಿಳಿಯುತ್ತದೆ. ಅಕ್ಷಹೃದಯವೆಂದರೆ ಎಣಿಕೆಯ ವಿದ್ಯೆ. ಎಣಿಕೆ ಬಲ್ಲವನು ಯಾವ ಪಕ್ಕದಲ್ಲಿ ಕುಳಿತಿದ್ದಾನೆ ಎಂಬುದೇ ಮುಂದಿನ ಎಲ್ಲ ಕಾಲಕ್ಕೂ ಮುಖ್ಯ ಪ್ರಶ್ನೆ.

ಸಭಿಕನ ನೂರಕ್ಕೆ ಐದು

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನೆಂಬ ಅಧಿಕಾರಿ ಇದ್ದಾನೆ. ಜೂಜು ಒಂದೇ ಜಾಗದಲ್ಲಿ ನಡೆಯಬೇಕು, ದಾಳಗಳನ್ನು ಅವನೇ ಕೊಡಬೇಕು, ಗೆದ್ದ ಹಣದಲ್ಲಿ ನೂರಕ್ಕೆ ಐದು ಅವನು ಪಡೆಯಬೇಕು. ಕರ್ನಾಟಕದ ಮಟ್ಟಿಗೆ ಇದಕ್ಕಿಂತ ಹತ್ತಿರದ ಸಾಕ್ಷ್ಯ ಯಾಜ್ಞವಲ್ಕ್ಯಸ್ಮೃತಿಗೆ ವಿಜ್ಞಾನೇಶ್ವರ ಬರೆದ ‘ಮಿತಾಕ್ಷರಾ’. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ಹುಟ್ಟಿದ ಈ ಗ್ರಂಥದ ದ್ಯೂತಸಮಾಹ್ವಯ ಪ್ರಕರಣ ಜೂಜನ್ನು ಎರಡಾಗಿ ವಿಂಗಡಿಸುತ್ತದೆ: ದಾಳ, ಕವಡೆಗಳಂಥ ಜೀವವಿಲ್ಲದವುಗಳಿಂದ ಆಡುವುದು ದ್ಯೂತ, ಟಗರು, ಹುಂಜಗಳಂಥ ಜೀವಿಗಳನ್ನು ಕಾದಾಡಿಸಿ ಪಣ ಕಟ್ಟುವುದು ಸಮಾಹ್ವಯ. ಟಗರಿನ ಕಾಳಗಕ್ಕೆ ಇಂದಿಗೂ ಮುಗಿಬೀಳುವ ಈ ಸೀಮೆಗೆ ಎರಡನೆಯದರ ವಿವರಣೆ ಬೇಕಿಲ್ಲ.

ಇಲ್ಲಿ ಆಟದ ಸಭೆ ನಡೆಸುವವನ ಹೆಸರು ‘ಸಭಿಕ’. ಗೆಲುವು ನೂರು ಮುಟ್ಟಿದವನಿಂದ ನೂರಕ್ಕೆ ಐದು, ಉಳಿದವರಿಂದ ನೂರಕ್ಕೆ ಹತ್ತು ಅವನ ಪಾಲು. ಅದರಲ್ಲಿ ಅರಸನಿಗೆ ಸಲ್ಲಬೇಕಾದದ್ದನ್ನು ಅವನು ಸಲ್ಲಿಸಬೇಕು. ಪಾಲಿನ ಜೊತೆಗೆ ಹೊಣೆಯೂ ಇದೆ: ಸೋತವನಿಂದ ವಸೂಲು ಮಾಡಿ ಗೆದ್ದವನಿಗೆ ಕೊಡಬೇಕು, ಸತ್ಯ ನುಡಿಯಬೇಕು, ತಾಳ್ಮೆಯಿಂದಿರಬೇಕು. ಅವನಿಂದ ಆಗದಿದ್ದರೆ ಅರಸನೇ ಕೊಡಿಸಬೇಕು. ಮನುಸ್ಮೃತಿ ಜೂಜನ್ನು ಪೂರ್ತಿ ನಿಷೇಧಿಸಿದರೆ, ಯಾಜ್ಞವಲ್ಕ್ಯ ಅದನ್ನು ಒಬ್ಬ ಮೇಲ್ವಿಚಾರಕನ ಕೆಳಗೆ ತಂದು, ಕಳ್ಳರನ್ನು ಪತ್ತೆ ಹಚ್ಚಲು ಅನುಕೂಲ ಎಂಬ ವ್ಯಾವಹಾರಿಕ ಕಾರಣವನ್ನೂ ಕೊಡುತ್ತಾನೆ.

ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ ಸುಮಾರು 1130ರಲ್ಲಿ ರಚಿಸಿದ ‘ಮಾನಸೋಲ್ಲಾಸ’ ಚದುರಂಗ, ಪಗಡೆ, ಕವಡೆಯಾಟಗಳನ್ನು ಅರಸರ ವಿನೋದಗಳಾಗಿ ವಿವರಿಸುತ್ತದೆ. ಇದೇ ವಂಶದ ಕೊನೆಯ ಅರಸ ನಾಲ್ಕನೆಯ ಸೋಮೇಶ್ವರನಿಗೆ ಅಣ್ಣಿಗೇರಿ ಕೆಲಕಾಲ ರಾಜಧಾನಿಯಾಗಿತ್ತು. ಇನ್ನೊಂದು ಕಡೆ ಜೈನ ಧರ್ಮ ದ್ಯೂತವನ್ನು ಸಪ್ತವ್ಯಸನಗಳಲ್ಲಿ ಮೊದಲನೆಯದಾಗಿ ಎಣಿಸಿತು. ವಿನೋದ, ವ್ಯಸನ, ವರಮಾನ ಎಂಬ ಮೂರು ನೋಟಗಳೂ ಹನ್ನೆರಡನೆಯ ಶತಮಾನದ ಹೊತ್ತಿಗೆ ಇಲ್ಲಿ ಸಿದ್ಧವಾಗಿದ್ದವು.

ಎಲೆಗಳು ಬಂದ ದಾರಿ

ಇಸ್ಪೀಟು ಬರುವ ಮೊದಲು ಇದ್ದದ್ದು ದುಂಡನೆಯ ಗಂಜೀಫಾ ಎಲೆಗಳು. ಸಾವಂತವಾಡಿಯಲ್ಲಿ ಆ ಕಲೆ ಇಂದಿಗೂ ಉಸಿರಾಡುತ್ತಿದೆ. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ‘ಛದ’ ಎಂಬ ಹೆಸರಿನಲ್ಲಿ ಎಲೆಯಾಟಗಳನ್ನೇ ಹೊಸದಾಗಿ ಕಟ್ಟಿ ‘ಶ್ರೀತತ್ತ್ವನಿಧಿ’ಯಲ್ಲಿ ಸೇರಿಸಿದರು. ಐವತ್ತೆರಡು ಎಲೆಗಳ ಕಟ್ಟು ಮಾತ್ರ ಸಮುದ್ರದಾಚೆಯಿಂದ ಬಂದದ್ದು. ಅದರ ಗುರುತು ಪದಗಳಲ್ಲೇ ಉಳಿದಿದೆ. ಕನ್ನಡದ ‘ಕಳಾವರ’, ಮರಾಠಿಯ ‘ಕಿಲವರ’ಗಳು ಡಚ್ಚರ ‘ಕ್ಲಾವರ್’ ಪದವನ್ನು ನೆನಪಿಸುತ್ತವೆ; ‘ಇಸ್ಪೀಟು’ ಪೋರ್ಚುಗೀಸರ ‘ಎಸ್ಪಾದ’ದ ಸಮೀಪದಲ್ಲಿ ನಿಲ್ಲುತ್ತದೆ. ಎಕ್ಕ, ರಾಜ, ರಾಣಿ, ಗುಲಾಮ ಎಂದು ಕರೆದು ನಮ್ಮವರು ಎಲೆಗಳನ್ನು ಒಕ್ಕಲು ಮಾಡಿಕೊಂಡರು.

ಹಬ್ಬಗಳು ಇವಕ್ಕೆ ಜಾಗ ಕೊಟ್ಟವು. ದೀಪಾವಳಿಯ ಪಾಡ್ಯಕ್ಕೆ ಎಲೆಯಾಟ ಎಷ್ಟೋ ಮನೆಗಳಲ್ಲಿ ವಾಡಿಕೆ. ನಾಗರ ಪಂಚಮಿಗೆ ಇಷ್ಟು ಎಸೆತಕ್ಕೆ ಇಂಥ ಊರು ಮುಟ್ಟಿಸುತ್ತೇನೆಂದು ಲಿಂಬೆಹಣ್ಣು ಎಸೆಯುವ ಶರ್ತು ಉತ್ತರ ಕರ್ನಾಟಕದ ಹುಡುಗರಿಗೆ ಗೊತ್ತಿರುವುದೇ. ಈ ಹಬ್ಬದ ಪಂಥಗಳಲ್ಲಿ ಮೂರನೆಯವನ ಪಾಲಿಲ್ಲ. ಒಬ್ಬ ಸೋತದ್ದು ಪೂರ್ತಿ ಇನ್ನೊಬ್ಬನಿಗೆ ಹೋಗುತ್ತದೆ, ಮರುವರ್ಷ ಮರಳಿ ಬಂದರೂ ಬರಬಹುದು. ಹಣ ಊರೊಳಗೇ ಸುತ್ತುತ್ತದೆ.

ಹತ್ತಿಯಿಂದ ಓಸಿಗೆ

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆಭೂಮಿ ಹತ್ತಿಯ ನೆಲ. 1840ರ ದಶಕದಲ್ಲಿ ಕಂಪನಿ ಸರಕಾರ ಅಮೆರಿಕದ ನ್ಯೂ ಆರ್ಲಿಯನ್ಸ್ ತಳಿಯನ್ನು ಇಲ್ಲಿ ಬೆಳೆಸಿ ನೋಡಿತು. ಅದು ‘ಧಾರವಾಡ-ಅಮೆರಿಕನ್’ ಎಂದು ಹೆಸರಾಯಿತು. 1861–65ರ ಅಮೆರಿಕದ ಅಂತರ್ಯುದ್ಧದಲ್ಲಿ ಬೆಲೆ ಗಗನಕ್ಕೇರಿ, ಯುದ್ಧ ಮುಗಿದೊಡನೆ ಕುಸಿಯಿತು. ದೂರದ ದೇಶದ ಒಂದು ಅಂಕಿ ತನ್ನ ಹೊಲದ ಗತಿಯನ್ನು ನಿರ್ಧರಿಸುತ್ತದೆ ಎಂಬುದನ್ನು ಇಲ್ಲಿಯ ರೈತ ಆಗಲೇ ಅನುಭವಿಸಿದ್ದ.

ಆ ಅಂಕಿಯೇ ಮುಂದೆ ಜೂಜಾಯಿತು. ನ್ಯೂಯಾರ್ಕ್ ಹತ್ತಿ ವಿನಿಮಯ ಕೇಂದ್ರದಿಂದ ಮುಂಬಯಿಗೆ ಬರುತ್ತಿದ್ದ ಆರಂಭದ ಮತ್ತು ಮುಕ್ತಾಯದ ದರಗಳ ಮೇಲೆ ಬಾಜಿ ಕಟ್ಟುವ ರೂಢಿಯಿತ್ತು. 1961ರಲ್ಲಿ ಆ ದರ ಬರುವುದು ನಿಂತಾಗ ಗಡಿಗೆಯಿಂದ ಚೀಟಿ ಎತ್ತುವ, ಆಮೇಲೆ ಇಸ್ಪೀಟಿನ ಎಲೆ ಎತ್ತಿ ಅಂಕಿ ತೆಗೆಯುವ ಮಟಕಾ ಹುಟ್ಟಿತು. 1962ರಲ್ಲಿ ಕಲ್ಯಾಣ್‌ಜಿ ಭಗತ್, 1964ರಲ್ಲಿ ರತನ್ ಖತ್ರಿ ಅದನ್ನು ದೊಡ್ಡ ಜಾಲವಾಗಿ ಬೆಳೆಸಿದರು. ಓಪನ್, ಕ್ಲೋಸ್ ಎಂಬ ಹತ್ತಿ ಪೇಟೆಯ ಮಾತುಗಳ ಮೊದಲಕ್ಷರಗಳೇ ನಮ್ಮ ಹಳ್ಳಿಗಳ ‘ಓಸಿ’. ಹತ್ತಿ ಹೋಯಿತು, ಅದರ ಅಂಕಿ ಮಾತ್ರ ಹತ್ತಿ ಬೆಳೆಯುವವನ ಕಿಸೆಗೆ ಕೈ ಹಾಕಲು ಮರಳಿ ಬಂತು.

ಓಸಿಯ ಲೆಕ್ಕ ಸರಳ. 00ಯಿಂದ 99ರವರೆಗೆ ಜೋಡಿಗಳು ನೂರು. ಒಂದು ರೂಪಾಯಿಗೆ 80 ರೂಪಾಯಿ ಕೊಡುವ ರೂಢಿಯಲ್ಲಿ, ನೂರು ಜೋಡಿಗೂ ಒಂದೊಂದು ರೂಪಾಯಿ ಹಚ್ಚಿದರೆ ಮರಳಿ ಬರುವುದು 80. ಉಳಿದ 20 ಆಡಿಸುವವನ ಪಾಲು. ಸಭಿಕನ ಐದಕ್ಕೆ ಇದು ನಾಲ್ಕು ಪಟ್ಟು, ಅದೂ ಹೇಳದೆ ಕೇಳದೆ.

ಮೇಜಿನ ಮೇಲಿನ ಗಣಿತ

ಆನ್‌ಲೈನ್ ಕ್ಯಾಸಿನೊದ ಹಳೆಯ ಆಟಗಳಲ್ಲಿ ಈ ಪಾಲು ಎಲ್ಲೆಲ್ಲಿ ಅಡಗಿದೆ ಎಂದು ಒಂದೊಂದಾಗಿ ನೋಡಬಹುದು. ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ರೂಪುಗೊಂಡ ರೂಲೆಟ್‌ನಲ್ಲಿ ಅದು ಸೊನ್ನೆಯಲ್ಲಿದೆ. ಯುರೋಪಿನ ಚಕ್ರದಲ್ಲಿ 1ರಿಂದ 36ರವರೆಗಿನ ಅಂಕಿಗಳ ಜೊತೆಗೆ ಒಂದು ಸೊನ್ನೆ ಸೇರಿ ಮನೆಗಳು 37. ಗೆದ್ದ ಅಂಕಿಗೆ ಸಿಗುವುದು ಮಾತ್ರ ಒಂದಕ್ಕೆ 35. ಇದರಿಂದ ಆಡಿಸುವವನಿಗೆ ನೂರಕ್ಕೆ 2.70. ಎರಡು ಸೊನ್ನೆಗಳ ಅಮೆರಿಕದ ಚಕ್ರದಲ್ಲಿ ಅದು 5.26. ಒಂದೇ ಸೊನ್ನೆಯ ಚಕ್ರವನ್ನು 1843ರಲ್ಲಿ ಜರ್ಮನಿಯ ಬಾಡ್ ಹೊಂಬುರ್ಗ್‌ನಲ್ಲಿ ತಂದ ಬ್ಲಾಂ ಸಹೋದರರು ಪಾಲು ಇಳಿಸಿ ಗಿರಾಕಿಗಳನ್ನು ಹೆಚ್ಚಿಸಿಕೊಂಡ ವ್ಯಾಪಾರಿಗಳು.

ಬ್ಲ್ಯಾಕ್‌ಜಾಕ್‌ನ ಪೂರ್ವಜ ‘ಇಪ್ಪತ್ತೊಂದು’ ಎಂಬ ಆಟ 1613ರ ಸರ್ವಾಂಟಿಸನ ಕಥೆಯೊಂದರಲ್ಲಿ ಕಾಣಿಸಿಕೊಳ್ಳುತ್ತದೆ. ಇಲ್ಲಿ ಪಾಲು ಅಡಗಿರುವುದು ಸರದಿಯಲ್ಲಿ. ಆಡುವವನು ಮೊದಲು ಎಲೆ ಎತ್ತಬೇಕು. 21 ದಾಟಿದರೆ ಆಗಲೇ ಸೋತ. ಆಮೇಲೆ ಆಡಿಸುವವನೂ 21 ದಾಟಿದರೂ ಹೋದ ಹಣ ಮರಳದು. ಬ್ಯಾಕರಾದಲ್ಲಿ ‘ಬ್ಯಾಂಕರ್’ ಕಡೆ ಗೆದ್ದವನಿಂದ ನೂರಕ್ಕೆ ಐದು ಕಮಿಷನ್ ಕೀಳುತ್ತಾರೆ. ಗೆಲುವು ನೂರು ಮುಟ್ಟಿದವನಿಂದ ಯಾಜ್ಞವಲ್ಕ್ಯನ ಸಭಿಕ ಪಡೆಯುತ್ತಿದ್ದುದು ಇಷ್ಟೇ, ಹೀಗೆಯೇ. ಆದರೆ ಅದೇ ಮೇಜಿನ ‘ಟೈ’ ಎಂಬ ಆಸೆಯ ಬಾಜಿಯಲ್ಲಿ, ಒಂದಕ್ಕೆ ಎಂಟರ ದರದಲ್ಲಿ, ಪಾಲು ನೂರಕ್ಕೆ 14ನ್ನೂ ಮೀರುತ್ತದೆ.

ನಮ್ಮ ಅಂದರ್-ಬಾಹರ್‌ಗೂ ಇದೇ ಸಂಸ್ಕಾರವಾಗಿದೆ. ಮೊದಲ ಎಲೆ ಬೀಳುವ ಕಡೆಗೆ ಗೆಲ್ಲುವ ಸಾಧ್ಯತೆ ನೂರಕ್ಕೆ 51.5, ಎರಡನೆಯದಕ್ಕೆ 48.5. ಗಿಡದ ಬುಡದಲ್ಲಿ ಈ ವ್ಯತ್ಯಾಸ ಯಾರ ಗಮನಕ್ಕೂ ಬಾರದೆ ಹೋಗಬಹುದು. ಆನ್‌ಲೈನಿನಲ್ಲಿ ಮೊದಲ ಕಡೆಯ ಗೆಲುವಿಗೆ ರೂಪಾಯಿಗೆ 90 ಪೈಸೆ, ಎರಡನೆಯದಕ್ಕೆ ಪೂರ್ತಿ ರೂಪಾಯಿ ಎಂಬುದು ಸಾಮಾನ್ಯ ದರ. ಗುಣಿಸಿ ನೋಡಿದರೆ ಮೊದಲ ಕಡೆಯಲ್ಲಿ ನೂರಕ್ಕೆ 2.15, ಎರಡನೆಯ ಕಡೆಯಲ್ಲಿ 3 ಆಡಿಸುವವನಿಗೆ ಉಳಿಯುತ್ತದೆ. ಯಾವ ಕಡೆ ಹಚ್ಚಿದರೂ ಅವನಿಗೆ ನಷ್ಟವಿಲ್ಲ.

ಈ ಅಂಕಿಗಳು ಸಭಿಕನ ಐದಕ್ಕಿಂತ ಚಿಕ್ಕವೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಸಭಿಕ ಪಡೆದದ್ದು ಗೆಲುವಿನ ಮೇಲೆ. ಇಲ್ಲಿ ಸರಾಸರಿಯಲ್ಲಿ ಕಡಿತವಾಗುವುದು ಪ್ರತಿ ಸುತ್ತಿಗೆ ಒಡ್ಡಿದ ಹಣದ ಮೇಲೆ. ಅಲ್ಲಿಗೆ ವೇಗದ ಪ್ರಶ್ನೆ ಬರುತ್ತದೆ. ರೂಲೆಟ್‌ನಲ್ಲಿ ಸುತ್ತಿಗೆ 10 ರೂಪಾಯಿಯಂತೆ ಗಂಟೆಗೆ 40 ಸುತ್ತು ಆಡಿದರೆ ಒಡ್ಡಿದ್ದು 400, ಸರಾಸರಿ ನಷ್ಟ ಸುಮಾರು 11. ಹತ್ತು ಸೆಕೆಂಡಿಗೊಂದು ಸುತ್ತು ಮುಗಿಯುವ ಮೊಬೈಲಿನಲ್ಲಿ ಗಂಟೆಗೆ 360 ಸುತ್ತು. ಒಡ್ಡಿದ್ದು 3,600, ನಷ್ಟ ಸುಮಾರು 97. ಪಾಲು ಬದಲಾಗಿಲ್ಲ, ಎಣಿಸಿಕೊಳ್ಳಲು ಸಿಗುವ ಬಿಡುವು ಹೋಗಿದೆ.

ಕಾಯ್ದೆಯ ಕಣ್ಣು

ಮುಂಬಯಿ ಸರಕಾರದ 1887ರ ಜೂಜು ತಡೆ ಕಾಯ್ದೆ ಬ್ರಿಟಿಷ್ ಧಾರವಾಡಕ್ಕೆ ಅನ್ವಯಿಸಿತು. ಕುಂದಗೋಳ ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದರಿಂದ ಅಲ್ಲಿಯ ಆಡಳಿತವೇ ಬೇರೆ. ಏಕೀಕರಣದ ನಂತರ ಬಂದ 1963ರ ಕರ್ನಾಟಕ ಪೊಲೀಸ್ ಕಾಯ್ದೆ ಇಡೀ ರಾಜ್ಯಕ್ಕೆ ಒಂದೇ ನಿಯಮ ತಂದಿತು. ಅದರ 78, 79, 80, 87ನೆಯ ಕಲಮುಗಳು ಇಂದಿಗೂ ಠಾಣೆಗಳ ನಿತ್ಯದ ಮಾತು. ಆ ಕಾಯ್ದೆ ಜೂಜಿನ ಅಡ್ಡೆಯನ್ನು ವ್ಯಾಖ್ಯಾನಿಸುವುದು ಜಾಗ ಅಥವಾ ಸಲಕರಣೆ ಒದಗಿಸಿದವನಿಗೆ ಸಿಗುವ ಲಾಭದಿಂದ. ರಮ್ಮಿ ಕೌಶಲದ ಆಟವೆಂದು ಹೇಳಿದ 1967ರ ಕೆ. ಸತ್ಯನಾರಾಯಣ ಪ್ರಕರಣದ ತೀರ್ಪಿನಲ್ಲೂ ಸುಪ್ರೀಂ ಕೋರ್ಟ್, ಕ್ಲಬ್ಬಿನವರು ಪಣದ ಆಟದಿಂದ ಲಾಭ ಮಾಡಿಕೊಂಡರೆ ಅಪರಾಧವಾಗಬಹುದು ಎಂದಿತು. ಪಾಲಿನ ಪ್ರಶ್ನೆಯನ್ನು ಕಾನೂನೂ ಕೈಬಿಟ್ಟಿರಲಿಲ್ಲ.

2021ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಆನ್‌ಲೈನ್ ಬಾಜಿಯನ್ನೂ ನಿಷೇಧಿಸಿತು. ಹೈಕೋರ್ಟ್ 2022ರ ಫೆಬ್ರುವರಿ 14ರಂದು ಅದರ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಆಮೇಲೆ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲವೋ ಅದೃಷ್ಟವೋ ಎಂಬ ಭೇದ ಬಿಟ್ಟು, ಹಣ ಒಡ್ಡುವ ಆನ್‌ಲೈನ್ ಆಟವನ್ನೆಲ್ಲ ಅದು ನಿಷೇಧಿಸುತ್ತದೆ. ಆಡಿಸುವವನಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿವರೆಗೆ ದಂಡ, ಆಡುವವನಿಗೆ ಶಿಕ್ಷೆಯಿಲ್ಲ. ಗಿಡದ ಬುಡದಲ್ಲಿ ಹಿಡಿದಾಗ ಸುತ್ತ ಕುಳಿತವರೆಲ್ಲ ಆರೋಪಿಗಳಾಗುತ್ತಿದ್ದ ಪದ್ಧತಿಗಿಂತ ಇದು ಬೇರೆ. ದೃಷ್ಟಿ ಆಡುವವನಿಂದ ಆಡಿಸುವವನ ಕಡೆಗೆ ಹೊರಳಿದೆ.

ಉಪಸಂಹಾರ

ಪಕ್ಕದ ಗೋವಾ 1992ರಲ್ಲಿ ಪಂಚತಾರಾ ಹೋಟೆಲುಗಳ ಜೂಜುಯಂತ್ರಗಳಿಗೆ, 1996ರಲ್ಲಿ ಹಡಗಿನ ಮೇಲಿನ ಮೇಜಿನ ಆಟಗಳಿಗೆ ಕಾನೂನಿನ ದಾರಿ ತೆರೆಯಿತು. ಪಣಜಿಯಲ್ಲಿ ಆ ಹಡಗುಗಳು ನಿಂತಿರುವ ಮಾಂಡೋವಿ ಬೇರೆ ನದಿಯೇನಲ್ಲ. ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ಮಹದಾಯಿಯೇ. ಅದೇ ಹೊಳೆಯ ನೀರಿಗಾಗಿ ನವಲಗುಂದದ ರೈತರು ವರ್ಷಗಟ್ಟಲೆ ಧರಣಿ ಕೂತರು, 2018ರ ಆಗಸ್ಟಿನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು. ಹೊಳೆಯ ಮೇಲಿನ ತುದಿಯಲ್ಲಿ ಹನಿ ನೀರಿಗೂ ಲೆಕ್ಕವಿದೆ.

ಈ ಲೆಕ್ಕದ ಬುದ್ಧಿ ಈ ಸೀಮೆಗೆ ಹೊಸದಲ್ಲ. ಪಾಲು ಎಷ್ಟೆಂದು ಬಹಿರಂಗವಾಗಿ ಗೊತ್ತಿದ್ದ, ಸತ್ಯ ನುಡಿಯಲು ಬದ್ಧನಾದ, ಊರಿನವರ ಕಣ್ಣೆದುರು ಕೂರುತ್ತಿದ್ದ ಸಭಿಕನಿಂದ ಆರಂಭವಾದ ಚರಿತ್ರೆ, ಮುಖವೇ ಕಾಣದ ಆಡಿಸುವವನವರೆಗೆ ಬಂದಿದೆ. ಅಂದರ್-ಬಾಹರ್‌ನ ಎಲೆಗಳು ಬದಲಾಗಿಲ್ಲ. ಹಣ ಊರೊಳಗೆ ಸುತ್ತುವುದು ನಿಂತಿದೆ. ಆಟ ಕಲಿಯಲು ಹೊರಟ ಹೊಸಬನಿಗೆ ನಿಯಮಗಳಿಗಿಂತ ಮೊದಲು ಬೇಕಾದದ್ದು ಋತುಪರ್ಣನ ಮರದಡಿ ನಿಂತು ಎಲೆ ಎಣಿಸುವ ಸಹನೆ. ಎಣಿಸಿ ಮುಗಿಸಿದವನಿಗೆ ಆ ಮೇಜಿನ ಮುಂದೆ ಕೂರುವ ಕಾರಣ ಬಹಳ ಉಳಿಯುವುದಿಲ್ಲ.